ಮೂರು ತಿಂಗಳ ಮೊಹರು

ಅಂಚೆ ಕಚೇರಿ ಮುಚ್ಚಿದ ಮೇಲೆ
ಕಾರೂ ಬಯಲಿನ ನಮ್ಮೂರಲ್ಲಿ ದಿನವೂ ಸಿಗುವ ಮೊಹರು ಒಂದೇ,
ಪೊಲೀಸ್ ಠಾಣೆಯದು.
ಸರ್ಟಿಫಿಕೇಟಿನ ನಕಲಿನ ಮೇಲೆ
ಅದು ಬಿದ್ದರೆ ನಾನು ನಿಜ.
ಬಿದ್ದು ಮೂರು ತಿಂಗಳು ಕಳೆದರೆ ಮತ್ತೆ ಸುಳ್ಳು.

ಹಾಗಾಗಿ ವರ್ಷಕ್ಕೆ ನಾಲ್ಕು ಸಲ
ಕುರಿ ಕದ್ದುಹೋದವರ, ಗಂಡ ಹೊಡೆದವರ ಹಿಂದೆ
ಸರದಿಯಲ್ಲಿ ನಿಲ್ಲುತ್ತೇನೆ.
ಬಗಲಲ್ಲಿ ಪ್ಲಾಸ್ಟಿಕ್ ಫೈಲು,
ಮೈಮೇಲೆ ಸಂದರ್ಶನಕ್ಕೆಂದು ಎತ್ತಿಟ್ಟ ಬಿಳಿ ಅಂಗಿ.
ಸಂದರ್ಶನ ಕಾಣದೆಯೇ ಅದರ ಕಾಲರು ಸವೆದಿದೆ.

ಗ್ರಂಥಾಲಯದಲ್ಲಿ ನಕಲಿಗೆ ಪುಟಕ್ಕೆ ಎರಡು ರ‍್ಯಾಂಡ್,
ಒಂದು ಅರ್ಜಿಗೆ ಒಂಬತ್ತು ಪುಟ.
ಲೆಕ್ಕದಲ್ಲಿ ನಾನು ಗಟ್ಟಿ,
ನೂರಕ್ಕೆ ಎಪ್ಪತ್ತೆಂಟು, ಬೇಕಾದರೆ ನೋಡಿ, ಮೊಹರೂ ಇದೆ:
ಒಂದು ಅರ್ಜಿ ಅಂದರೆ ಹೆಚ್ಚುಕಮ್ಮಿ ಒಂದು ಬ್ರೆಡ್ಡು.
ಆರು ವರ್ಷದಲ್ಲಿ ಒಂದು ಬೇಕರಿಯನ್ನೇ
ಲಕೋಟೆಗೆ ತುಂಬಿ ಕಳಿಸಿದ್ದೇನೆ.

ಈ ಊರಲ್ಲಿ ಕೆಲಸ ಹುಡುಕುವುದೆಂದರೆ
ಎಂಟು ಬಾಗಿಲು ತಟ್ಟುವುದು.
ಎಂಟಕ್ಕೂ ನನ್ನ ಬೆರಳಿನ ಸದ್ದು ಗೊತ್ತು.
ಅಂಗಡಿಯ ಸ್ಟ್ರೈಡಮ್ ನನ್ನನ್ನು ಕಂಡೊಡನೆ
ಎಣಿಸಿಟ್ಟ ಟೊಮೆಟೊಗಳನ್ನು ಮತ್ತೆ ಎಣಿಸುತ್ತಾನೆ.
ಪಶುವೈದ್ಯರ ಆಫೀಸಿನಲ್ಲಿ ಕೂತವಳು
ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವಳು,
ನನ್ನ ಲೆಕ್ಕ ನೋಡಿ ಬರೆದವಳು;
"ಅನುಭವ ಎಷ್ಟು ವರ್ಷ?" ಅನ್ನುತ್ತಾಳೆ,
ಹೆಸರನ್ನೂ ಕೇಳಿ ಬರೆದುಕೊಳ್ಳುತ್ತಾಳೆ.
ಪುರಸಭೆಯಲ್ಲಿ ಎರಡು ಜಾಗ ಖಾಲಿಯೆಂದರು.
ಬೆಳಗಿನ ಜಾವಕ್ಕೇ ಗೇಟಿನ ಮುಂದೆ ನಾವು ನಾನೂರು ಜನ.
ಆ ಎರಡು ಜಾಗಕ್ಕೆ
ಮೊದಲೇ ಇಬ್ಬರು ಚಿಕ್ಕಪ್ಪಂದಿರಿದ್ದರು.

ಪ್ರತಿ ಜಾಹೀರಾತಿನ ಬುಡದಲ್ಲಿ ಸಣ್ಣಕ್ಷರ:
ಮೂರು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ
ಅರ್ಜಿ ತಿರಸ್ಕೃತವಾಗಿದೆಯೆಂದು ತಿಳಿಯತಕ್ಕದ್ದು.
ಬೇಡ ಅನ್ನಲಿಕ್ಕೂ ಒಂದು ಹಾಳೆ ಖರ್ಚು ಮಾಡರು.
ಕ್ಯಾಲೆಂಡರ್ ನೋಡಿ, ದಿನ ಎಣಿಸಿ,
ನನಗೆ ನಾನೇ ಬೇಡ ಎಂದು ಹೇಳಿಕೊಳ್ಳಬೇಕು.
ಆ ಕೆಲಸ ಮಾತ್ರ ನನಗೆ ಕಾಯಂ ಆಗಿದೆ.

ಈ ಮಂಗಳವಾರ ಠಾಣೆ ಖಾಲಿಯಿತ್ತು.
ಸಾರ್ಜೆಂಟ್ ಮಬಾಂಡ್ಲಾ ಮೊಹರೊತ್ತಿದ,
'ಮೂಲದ ನಿಜನಕಲು' ಎಂದು ಸಹಿ ಹಾಕಿದ,
ಫೈಲು ಮಾತ್ರ ಕೊಡಲಿಲ್ಲ.
ಡ್ರಾಯರಿನಿಂದ ಒಂದು ಹೊಸ ಹಾಳೆ ತೆಗೆದ.
ಮಗ ಲುಂಡಿ, ಈ ವರ್ಷ ಪಾಸು.
"ಸ್ವಂತ ಮಗನ ಕಾಗದಕ್ಕೆ ನಾನು ಒತ್ತುವ ಹಾಗಿಲ್ಲ.
ಎಲ್ಲಿಗೆ ಹೋಗಬೇಕು, ಹೇಗೆ ಬರೆಯಬೇಕು,
ನಿನಗೆ ಗೊತ್ತಿರುತ್ತದಲ್ಲ, ನೊಂಬುಲೆಲೊ."

ಗೊತ್ತಿತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಗುರುವಾರ ಬ್ಯಾಂಕಿನ ವ್ಯಾನು ಬರುತ್ತದೆ, ಗುಮಾಸ್ತನ ಹತ್ತಿರ ಮೊಹರಿದೆ,
ಹನ್ನೊಂದರ ಮೇಲೆ ಹೋಗಲಿ, ಆಗ ಅವನ ಚಹಾ ಆಗಿರುತ್ತದೆ.
ಕಪ್ಪು ಶಾಯಿ. ಸ್ಟೇಪ್ಲರ್ ಬೇಡ, ಕ್ಲಿಪ್ಪು ಸಾಕು.
ಸ್ಟ್ರೈಡಮ್ ಹತ್ತಿರ ಸೋಮವಾರ ಬೇಡ, ಲಾರಿ ಬರುವ ದಿನ ಅದು.
ಸಾರ್ಜೆಂಟ್ ಎಲ್ಲವನ್ನೂ ಬರೆದುಕೊಂಡ,
ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವವನ ಹಾಗೆ.
"ನಿನಗೆ ಎಷ್ಟು ಸಮಯ ಹಿಡಿಯಿತು?" ಎಂದು ಕೇಳಿ
ಕೇಳಿದ್ದು ಕಿವಿಗೆ ಬಿದ್ದು
ಪೆನ್ನಿನ ಮುಚ್ಚಳ ಹುಡುಕತೊಡಗಿದ.

ಒಂದನ್ನು ಮಾತ್ರ ಹೇಳಲಿಲ್ಲ.
ರೈಲು ದಾರಿಯ ಉಣ್ಣೆ ಗೋದಾಮಿನಲ್ಲಿ
ಮೂಟೆ ತೂಗಿ ಲೆಕ್ಕ ಬರೆಯಲು ಒಬ್ಬರು ಬೇಕಂತೆ.
ನಿನ್ನೆ ರಾತ್ರಿ ಕೇಳಿದ್ದು.
ನಾಲಿಗೆಯ ತುದಿಯವರೆಗೆ ಬಂದದ್ದನ್ನು
ಉಗುಳಿನೊಡನೆ ನುಂಗಿದೆ.
ಹದಿನೆಂಟರ ಹುಡುಗ. ಅಂಗಿಯ ಕಾಲರು ಇನ್ನೂ ಗರಿಗರಿ.

ಹೊರಗೆ ಗಾಳಿ. ಬತ್ತಿದ ಬಾವಿಯ ಮೇಲೆ ಗಾಳಿಯಂತ್ರ
ಸುಮ್ಮನೆ ಗಿರಗಿರ.
ಮೊಹರಿನ ಮಸಿ ಹಸಿ ಇತ್ತು.
ಊದುತ್ತಾ, ಬೇಗ ಬೇಗ,
ರೈಲು ದಾರಿಯ ಕಡೆ ನಡೆದೆ.
ಠಾಣೆಯ ಕಿಟಕಿಯಿಂದ ಕಾಣುವ ದಾರಿ ಬಿಟ್ಟು
ಸಂದಿಯಲ್ಲಿ.