ಹತ್ತೊಂಬತ್ತನೆಯ ಕುರ್ಚಿ

ಮೊದಲನೆಯದನ್ನು ಬೇಕೆಂದು ತೆಗೆದದ್ದಲ್ಲ.
ಲಕ್ಕಸಂದ್ರದ ತಿರುವಿನಲ್ಲಿ ಹೆಬ್ಬೆರಳು ನಡುಗಿ
ಫೋನು ತಾನೇ ಕ್ಲಿಕ್ಕೆಂದಿತು:
ಬಾಗಿಲು ಮುಚ್ಚಿದ ಎಟಿಎಂ, ಅದರ ಮುಂದೆ
ಮೂರೂವರೆ ಕಾಲಿನ ಪ್ಲಾಸ್ಟಿಕ್ ಕುರ್ಚಿ,
ಇಲ್ಲದ ಅರ್ಧ ಕಾಲಿಗೆ ಎರಡು ಇಟ್ಟಿಗೆ ಚೂರು.
ಅದಕ್ಕೆ ಅರ್ಧ ಗಂಟೆ ಮೊದಲು ಡಾಕ್ಟರು
ಅಕ್ಕನ ಹೊಟ್ಟೆಯ ಚಿತ್ರವನ್ನು ಬೆಳಕಿಗೆ ಹಿಡಿದು
ಪೆನ್ನಿನ ತುದಿಯಿಂದ ಒಂದು ಮೋಡ ತೋರಿಸಿದ್ದರು.
ನನಗೆ ಎಲ್ಲವೂ ಮೋಡದಂತೆಯೇ ಕಂಡಿತ್ತು.

ಮೂರು ದಿನಕ್ಕೆಂದು ಕುಡಚಿಯಲ್ಲಿ ರೈಲು ಹತ್ತಿದವರು ನಾವು.
ಎರಡೆರಡು ಸೀರೆ, ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ.
ರೊಟ್ಟಿ ಮುಗಿದು ಹನ್ನೊಂದು ದಿನವಾದವು.
ತಿರುಗಿ ಹೋಗುವ ಟಿಕೀಟು ರದ್ದು ಮಾಡಿಸಿದಾಗ
ಕೈಗೆ ಬಂದದ್ದು ನೂರಾ ಹತ್ತು ರೂಪಾಯಿ.

ಹಗಲು ವಾರ್ಡಿನೊಳಗೆ ಬಿಡುವುದಿಲ್ಲ.
"ಎಲ್ಲೈತ್ರಿ" ಎಂದು ದಾರಿ ಕೇಳಿದರೆ ಇಲ್ಲಿಯವರು ತುಸು ನಗುತ್ತಾರೆ.
ಊರಲ್ಲಿ ಗಿರಣಿ ನಡೆಸುವ ಕೈ ನನ್ನದು,
ಸುಮ್ಮನಿದ್ದರೆ ತಾನಾಗಿ ಬೀಸತೊಡಗುತ್ತದೆ
ಕೆಟ್ಟ ಕೆಟ್ಟ ಯೋಚನೆಗಳನ್ನು, ನುಣ್ಣಗೆ.
ಅದಕ್ಕೇ ಒಂದು ಕೆಲಸ ಕೊಟ್ಟೆ:
ದಿನಕ್ಕೊಂದು ಕುರ್ಚಿ. ಒಂದೇ.
ಯಾರೂ ಕೂತಿರಕೂಡದು.
ಆಸ್ಪತ್ರೆಯ ಒಳಗಿನದು ಬೇಡ,
ಅಲ್ಲಿ ಕುರ್ಚಿಗಳನ್ನು ಕಬ್ಬಿಣದ ಪಟ್ಟಿಗೆ ಸಾಲಾಗಿ ಬಿಗಿದಿದ್ದಾರೆ,
ಯಾವುದೂ ಯಾರದೂ ಅಲ್ಲ.

ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಯಲ್ಲಿ
ಹೊಂಗೆ ಹೂವನ್ನು ಮಡಿಲ ತುಂಬ ಹಿಡಿದದ್ದೊಂದು.
ಸಿದ್ದಾಪುರದ ನರ್ಸರಿಯಲ್ಲಿ ಕುಂಡಗಳ ನಡುವೆ
ತಾನೂ ಮಾರಾಟಕ್ಕಿರುವಂತೆ ನಿಂತದ್ದೊಂದು.
ಹೊಸೂರು ರಸ್ತೆಯ ಸ್ಮಶಾನದ ಗೇಟಿನದು ಮರದ್ದು,
ಬೆನ್ನಿಗೆ ಒದ್ದೆ ಟವೆಲ್ಲು;
ತೆಗೆದು, ಅಳಿಸಿ, ಮರುದಿನ ಹೋಗಿ ಮತ್ತೆ ತೆಗೆದೆ.
ಒಂಬತ್ತನೆಯದಕ್ಕೆ ಡೈರಿ ಸರ್ಕಲ್ ತನಕ ನಡೆದರೂ ಏನೂ ಸಿಗದೆ
ಬಸ್‌ಸ್ಟಾಪಿನ ಕಲ್ಲುಬೆಂಚನ್ನೇ ಕುರ್ಚಿಯೆಂದು ಬರೆದುಕೊಂಡೆ.
ಮೋಸವೇ. ಅವತ್ತು ಅಕ್ಕನಿಗೆ ಜ್ವರ.

ಈ ಊರಲ್ಲಿ ಕುರ್ಚಿ ಮುರಿದರೆ ಎಸೆಯುವುದಿಲ್ಲ,
ಕಾವಲಿಗೆ ಕೊಡುತ್ತಾರೆ.

ಹತ್ತೊಂಬತ್ತನೆಯದು ಮುನಿಯಲ್ಲಪ್ಪನದು,
ಔಷಧಿ ಅಂಗಡಿಗೆ ರಾತ್ರಿ ಕಾಯುವವನು.
ಸೀಟಿಲ್ಲದ ಕಬ್ಬಿಣದ ಚೌಕಟ್ಟಿಗೆ ಸಲೈನ್ ನಳಿಗೆ ಹೆಣೆದಿದ್ದ,
ಮಂಚಕ್ಕೆ ನವಾರು ಹೆಣೆದಂತೆ, ಅಡ್ಡ ಉದ್ದ.
ನನ್ನ ಮುಖ ನೋಡಿ ತಾನೇ ಹೇಳಿದ:
"ಹೊಸಾ ಪೈಪು ಕಣಮ್ಮಾ, ಯಾರಿಗೂ ಹಾಕಿದ್ದಲ್ಲ.
ಡೇಟು ಮುಗೀತು ಅಂತ ಬಿಸಾಕಿದ್ರು."
ಬೆಳಗಿನ ಬಿಸಿಲು ಅವುಗಳೊಳಗೆ ಹಾದು
ಕೆಳಗಿನ ಚಪ್ಪಡಿಯ ಮೇಲೆ ಬಿದ್ದದ್ದು
ನೆರಳಾಗಿರಲಿಲ್ಲ, ನೀರಿನ ಗೆರೆಗಳಂತಿತ್ತು.

ಅವತ್ತೇ ಸಂಜೆ ಐದಕ್ಕೆ ಒಳಗೆ ಬಿಟ್ಟರು. ಮರುದಿನ ಆಪರೇಷನ್ನು.
ಮಹಾನಂದಕ್ಕ ಫೋನು ಕಸಿದುಕೊಂಡು ಒಂದೊಂದೇ ಸರಿಸಿದಳು.
"ಲಾಲ್‌ಬಾಗ್ ಬಿಟ್ಟು ಕುರ್ಚಿ ತಗದೀಯಲ್ಲ, ಹುಚ್ಚಿ."
ನಕ್ಕರೆ ಹೊಟ್ಟೆ ನೋಯುತ್ತದೆ, ಮೆಲ್ಲಗೆ ನಕ್ಕಳು.
ಆಮೇಲೆ ಕಣ್ಣು ಕಿರಿದಾಗಿಸಿ,
"ಇದೇನು, ಎಲ್ಲಾದ್ರ ಬಲಕ್ಕೂ ಒಂದು ಬಿಳೀ ಮಬ್ಬು?"

ಹತ್ತೊಂಬತ್ತು ದಿನ ನಾನದನ್ನು ನೋಡಿಯೇ ಇರಲಿಲ್ಲ.
ಕ್ಯಾಮೆರಾದ ಗಾಜಿನ ಸಂದಿಯಲ್ಲಿ ಕೂತಿತ್ತು
ನಮ್ಮ ಗಿರಣಿಯ ಜೋಳದ ಹಿಟ್ಟು.
ಸೆರಗಿನಿಂದ ಒರೆಸಲು ಹೋದೆ. ಕೈ ಹಿಡಿದಳು.
"ಇರ್ಲಿ ಬಿಡು.
ಈ ಮೋಡ ಏನಂತ ನಮಗ ಗೊತ್ತೈತಿ."

ಬೆಳಿಗ್ಗೆ ಏಳಕ್ಕೆ ಅವಳನ್ನು ತಳ್ಳಿಕೊಂಡು ಹೋದರು.
ಮುನಿಯಲ್ಲಪ್ಪ ಪಾಳಿ ಮುಗಿಸಿ ಹೊರಟಿದ್ದವನು
ನನ್ನನ್ನು ಕಂಡು, ಒಳಗಿಟ್ಟ ಕುರ್ಚಿಯನ್ನು
ಮತ್ತೆ ಹೊರಗೆಳೆದು ಹಾಕಿ, ಊಟದ ಡಬ್ಬಿ ಹಿಡಿದು ನಡೆದ.
ಕೂತೆ.
ನಳಿಗೆಗಳು ತುಸು ಜಗ್ಗಿ, ಕಿರ್ರೆಂದು, ತಡೆದವು.
ಎರಡೂಕಾಲಿನವರೆಗೆ.
ಇಪ್ಪತ್ತನೆಯದನ್ನು ತೆಗೆಯಲಿಲ್ಲ,
ನಿಯಮವೇ ಹಾಗಿತ್ತಲ್ಲ.