ನೀಲ, ತಗ್ಗು, ವ್ವ

ಸ್ಟೇಷನ್ ರಸ್ತಾದ ಗುಜರಿಯೊಳಗ
ತುಕ್ಕು ಹಿಡದ ಸೈಕಲ್ ರಿಮ್ಮು, ಸುಟ್ಟ ಮಿಕ್ಸರು,
ಮುರದ ಪಂಖಾದ ಎಲಿಗಳ ತಳಕ್ಕ
ಕರ್ರಗ ಕುಂತಿತ್ತು ಈ ತಂಬಗಿ.
ಹಿತ್ತಾಳಿ ಅಂತ ತೂಕದ ಮ್ಯಾಲೆ ಗೊತ್ತಾತು.
'ಕರಗಸಾಕ ಹೊಂಟಿತ್ತರೀ ಅಕ್ಕಾರ,
ನಾಳೆ ಬಂದಿದ್ರ ಸಿಗತಿದ್ದಿಲ್ಲ' ಅಂದ ಮೌಲಾಸಾಬ.
ಯಾಪಾರದ ಮಾತೋ, ಖರೇ ಮಾತೋ,
ಮುನ್ನೂರಾ ಐವತ್ತು ಎಣಿಸಿ ಕೊಟ್ಟೆ.

ಮನಿಯವ್ರು ಪೇಪರ್ ಕೆಳಗಿಳಿಸಿ ನೋಡಿದ್ರು,
ಏನೂ ಅನ್ನಲಿಲ್ಲ.
ಅನ್ನೋದೆಲ್ಲಾ ಅದರಾಗs ಬಂತು.

ಹುಣಸಿಹಣ್ಣು ಮನ್ಯಾಗಿತ್ತು.
ಗ್ಯಾಸಿನ ಮನ್ಯಾಗ ಬೂದಿ ಎಲ್ಲೀದು?
ರೊಟ್ಟಿ ಬಡದು ಮಾರೋ ಗಂಗಮಾಳವ್ವನ ಕಡೆ
ಒಂದು ಬೊಗಸಿ ಕೇಳಿ ತಂದೆ.
ತಿಕ್ಕಿದೆ. ಕೈ ಕಪ್ಪಾತು, ಕೊಳ್ಳು ಹೊಳೀತು.
ಮತ್ತs ತಿಕ್ಕಿದೆ. ಹೊಟ್ಟಿ ಮ್ಯಾಲೆ
ಇರುವಿ ಸಾಲು ಹೊಂಟಂಗ ಚುಕ್ಕಿ, ಚುಕ್ಕಿ, ಚುಕ್ಕಿ:
'ಸೌ. ನೀಲ'
ಆಮ್ಯಾಲೊಂದು ತಗ್ಗು.
ತಗ್ಗಿನ ಆಚಿ ದಂಡಿಗೆ 'ವ್ವ'.

ಮರುದಿನ ಮಾಳಿಗಿ ಮ್ಯಾಲೆ ಸಂಡಿಗಿ.
ಹಳೇ ಪತ್ತಲ ಹಾಸಿ ನಾಕು ಮೂಲಿಗೆ ಕಲ್ಲಿಟ್ಟು
ಬಿಸಲು ಏರೋದರೊಳಗ ಇಕ್ಕಿ ಮುಗಿಸೋ ಗಡಿಬಿಡಿ.
ನಡುವ ತಂಬಗಿ ತುಂಬ ನೀರು.
'ನೀಲಗಂಗವ್ವ ಇರಬೇಕ' ಅಂದ್ಲು ಕಸ್ತೂರೆವ್ವ.
'ಅಷ್ಟು ಅಕ್ಷರ ಆ ತಗ್ಗಿನಾಗ ಹಿಡೀತಾವೇನ?
ಬರೇ ನೀಲವ್ವ. ತಗ್ಗು ಮೊದಲs ಇತ್ತು,
ಬರಿಯಾಂವ ದಾಟಿ ಬರದಾನ' ಅಂದ್ಲು ರುಕ್ಮಾಬಾಯಿ ಬಾಕಳೆ.
ತಗ್ಗು ಹೆಂಗ ಬಿತ್ತು? ಬಾವಿ ಕಟ್ಟಿಗೆ ಬಡದು.
ಅಲ್ಲ, ಅಟ್ಟದ ಮ್ಯಾಲಿಂದ ಉರುಳಿ.
ಗಂಗಮಾಳವ್ವ ಹಿಟ್ಟಿನ ಕೈ ಎತ್ತಿ ಅಂದ್ಲು:
'ಗಂಡನ ತಲಿ ಏನು ಮೆತ್ತಗ ಇರತೈತೇನವಾ?'
ನಕ್ಕು ನಕ್ಕು ನನ್ನ ಕೈಯಾಗಿನ ಸಂಡಿಗಿ
ದುಂಡಗ ಬೀಳೋದು ಉದ್ದಕ ಬಿತ್ತು.
ಅತ್ಲಾಗ ಬಾಕಳೆಯವರ ಮೊಮ್ಮಗಳು ಕುಂದನಾ
ಅರೆ ಒಣಗಿದ್ದನ್ನ ಕಿತ್ತು ಕಿತ್ತು ಬಾಯಿಗೆ ಹಾಕತಿದ್ಲು,
ಜೀರಿಗಿ ಹಲ್ಲಿಗೆ ಹತ್ತಿಸಿಕೊಂಡು.

ಅವತ್ತಿಂದ ಓಣ್ಯಾಗ ಅದಕ್ಕ ತಂಬಗಿ ಅನ್ನಂಗಿಲ್ಲ.
'ನೀಲವ್ವನ್ನ ಕೊಡs, ಮಜ್ಜಿಗಿ ಕುಡೀತೀನಿ' ಅಂತಾರ.
ನಿಂಬಿಹಣ್ಣಿನ ಪಾನಕ ನೀಲವ್ವನಾಗs ರುಚಿ ಅಂತ.
ಪೇಪರ್ ಓದೋರೂ
ಯಾರೂ ಇಲ್ಲದಾಗ ನೀಲವ್ವನ್ನs ಎತ್ತತಾರ. ಕಂಡೀನಿ.

ಕಂಚಗಾರರಂವ ತಿರುವಿ ಮುರುವಿ ನೋಡಿ
'ಅರವತ್ತು ಕೊಡ್ರಿ, ತಗ್ಗು ಎತ್ತತೀನಿ.
ಚುಕ್ಕಿ ಮಾತ್ರ ಉಳೀತಾವಂತ ಹೇಳಂಗಿಲ್ಲ' ಅಂದ.
ಸೆರಗಿನಾಗ ಮುಚ್ಚಿಕೊಂಡು ಹೊಳ್ಳಿ ಬಂದೆ,
ಕೂಸಿಗೆ ಸೂಜಿ ಚುಚ್ಚಸೂದು ತಪ್ಪಿಸಿದಂಗ.

ರಾತ್ರಿ ಕರೆಂಟು ಹೋತು.
ಬೆಟಗೇರಿಯ ಮಗ್ಗ ಎಲ್ಲಾ ಒಮ್ಮೆಲೆ ನಿಂತು
ಕಿವ್ಯಾಗ ಬರೇ ಅವುಗಳ ಸಪ್ಪಳ ಉಳೀತು.
ಮಾಳಿಗಿ ಇನ್ನೂ ಬೆಚ್ಚಗಿತ್ತು, ಎರಡು ಕೊಡ ನೀರು ಹೊಡದೆ.
ಕಪ್ಪತಗುಡ್ಡದ ಕಡೆ ಗಾಳಿಕಂಬದ ಕೆಂಪು ದೀಪ
ಕಣ್ಣು ಮುಚ್ಚಿ ತೆರದು, ಮುಚ್ಚಿ ತೆರದು.
ಬ್ಯಾಟರಿ ಬೆಳಕಿನಾಗ ಕೌದಿಯ ಕಡೀ ಮೂಲಿ ಹಿಡದಿದ್ದೆ.
ಮಗ್ಗದವರು ಕೊಟ್ಟ ತುಂಡು ಕಣ, ಒಂದು ಲಂಗದ ಅಂಚು,
ಇವರ ಹಳೇ ಅಂಗಿಯ ಬೆನ್ನು.
ನಮ್ಮತ್ತಿ ಮೂಲಿಯೊಳಗ ಒಂದು ರೊಟ್ಟಿಚೂರು ಇಟ್ಟು ಹೊಲೀತಿದ್ಲು,
ಕೌದಿ ಹಸಗೊಂಡು ಇರಬಾರದಂತ.
ನಾನು ಒಂದು ಸಂಡಿಗಿ ಇಟ್ಟೆ. ಆ ಉದ್ದಕ ಬಿದ್ದದ್ದನ್ನ.

ಕುಂದನಾ ಅಂಗಾತ ಮಲಗಿ ತಂಬಗಿ ಎದಿ ಮ್ಯಾಲಿಟ್ಟುಕೊಂಡು
ಕತ್ತಲಾಗ ಬೆರಳಿಲೆ ಚುಕ್ಕಿ ಎಣಸತಿದ್ಲು.
'ಇದೂ ನೀನು ಹಾಕೋ ಹೊಲಗಿ ಇದ್ದಂಗ ಐತಿ ನೋಡ, ಅಜ್ಜಿ.'
ಹೌದಲಾ, ಅಂದೆ.
ಇಪ್ಪತ್ತೊಂಬತ್ತು, ಮೂವತ್ತು,
ಮೂವತ್ತೊಂದಕ್ಕ ಸುಮ್ಮನಾದ್ಲು.
ನಿದ್ದಿ ಹತ್ತಿತೇನೋ ಅಂತ ಬ್ಯಾಟರಿ ತಿರುವಿದೆ.
ಇಲ್ಲ. ಕಣ್ಣು ತೆರದs ಇದ್ದುವು.
ಅವಳ ಹೆಬ್ಬಟ್ಟು
ತಗ್ಗಿನಾಗ ಸರಿಯಾಗಿ ಕುಂತಿತ್ತು.