ನಲವತ್ಮೂರರ ಬೂಟು

ಹಿಮದ ಸದ್ದು ಹಿಮದಿಂದ ಬರುವುದಿಲ್ಲ.
ಚರ್ಮದ ಚೀಲಕ್ಕೆ ಆಲೂಗಡ್ಡೆ ಹಿಟ್ಟು ತುಂಬಿ
ಬಾಯಿ ಹೊಲಿದು
ಹಿಸುಕಬೇಕು, ಕರ್ರ್, ಕರ್ರ್,
ಆಗ ಕತ್ತಲಲ್ಲಿ ಕೂತ ಮುನ್ನೂರು ಜನ
ಕೋಟಿನ ಕಾಲರು ಮೇಲೆತ್ತಿಕೊಳ್ಳುತ್ತಾರೆ.
ಮೂವತ್ತೊಂದು ವರ್ಷದಿಂದ ಇದೇ ನನ್ನ ಕಸುಬು.
ಮುರಿದ ಮೂಳೆಗೆ ಸೆಲರಿ ದಂಟು,
ಹಕ್ಕಿಯ ರೆಕ್ಕೆಗೆ ಒಂದು ಜೊತೆ ಕೈಗವಸು,
ಮುತ್ತಿಗೆ ನನ್ನದೇ ಮುಂಗೈ.

ಕೊಲೆಗೆ ಏನು ಎಂದು ಈ ಚಳಿಗಾಲ ಕೇಳಿದರು.

ಸಿನಿಮಾದ ಕತೆ ಊರಿಗೆಲ್ಲ ಗೊತ್ತು:
ನೋರ್ಶೋಪಿಂಗ್, ನವೆಂಬರ್, ಆ ವರ್ಷದ ಮೊದಲ ಹಿಮ.
ಹಳದಿ ಟ್ರ್ಯಾಮಿನಿಂದ ಇಳಿದ ಮಂತ್ರಿ,
ಕೈಯಲ್ಲಿ ಮೊಮ್ಮಗಳಿಗೆಂದು ಕೊಂಡ ಐಸ್ ಸ್ಕೇಟು.
ಒಂದು ಗುಂಡು.
ಹದಿನಾಲ್ಕು ಸಾವಿರ ಪುಟದ ತನಿಖೆ.
ಅವನು ಸಿಗಲಿಲ್ಲ,
ಸಿಕ್ಕವರೆಲ್ಲ ಬೇರೆ ಯಾರೋ.

ನಿರ್ದೇಶಕ ಯೆರ್ಕರ್‌ಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ.
"ಗುಂಡು ದೊಡ್ಡದಿರಲಿ," ಎಂದ,
"ಸೀಟು ನಡುಗಬೇಕು."
ತಗಡು, ಚಾಟಿ, ಗ್ಯಾರೇಜಿನ ಬಾಗಿಲು
ಒಂದರ ಮೇಲೊಂದು ಹೇರಿ
ಗುಡುಗು ಮಾಡಿಕೊಟ್ಟೆ.
ಸ್ಕೇಟುಗಳು ಕಲ್ಲಿಗೆ ಬಿದ್ದದ್ದಕ್ಕೆ ಎರಡು ಬೆಣ್ಣೆಚಾಕು.

ಆ ದಿನ ಅಲ್ಫ್‌ಹಿಲ್ಡ್ ಬಂದಿದ್ದರು,
ಎಂಬತ್ತರ ಮೇಲೆ ನಾಲ್ಕು,
ಆ ರಾತ್ರಿ ಟ್ರ್ಯಾಮು ಓಡಿಸಿದವರು,
ಕಡತದಲ್ಲಿ ಒಂಬತ್ತನೆಯ ಸಾಕ್ಷಿ.
ಕಾಫಿ ಕೆಳಗಿಟ್ಟು ತಲೆಯಾಡಿಸಿದರು.
"ಇಷ್ಟಿರಲಿಲ್ಲ.
ಅಡುಗೆಮನೆಯ ಕಪಾಟು ಮುಚ್ಚಿದ ಹಾಗೆ.
ಯಾರೋ ಬಟ್ಟಲು ಒಳಗಿಟ್ಟು ಕದ ಹಾಕಿದರು, ಅಷ್ಟೆ.
ನಾನು ಗಂಟೆ ಬಾರಿಸಿ ಮುಂದೆ ಹೊರಟೆ.
ತಿಳಿಯಿತೆ? ಗಂಟೆ ಬಾರಿಸಿದೆ. ಹೊರಟೆ.
ಕನ್ನಡಿಯಲ್ಲಿ ಅವರು ಬಗ್ಗಿದ್ದು ಕಂಡಿತು,
ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾರೆ ಅಂದುಕೊಂಡೆ."

ಯೆರ್ಕರ್ ಆಕೆಯ ಕೈ ಹಿಡಿದು, ಬಹಳ ಮೃದುವಾಗಿ,
"ಇದನ್ನು ಯಾರೂ ನಂಬುವುದಿಲ್ಲ," ಎಂದ.

ಗುಡುಗೇ ಉಳಿಯಿತು.

ಇನ್ನು ಬಾಕಿ, ಅವನ ನಡಿಗೆ.
ಓಡಲಿಲ್ಲವಂತೆ. ನಡೆದನಂತೆ,
ನದಿಯ ಕಡೆಗೆ, ಹಳೆಯ ಹತ್ತಿ ಗಿರಣಿಗಳ ಸಂದಿಯಲ್ಲಿ.
ಹಿಮದ ಮೇಲಿನ ಗುರುತಿಗೆ ಪೊಲೀಸರು ಬರೆದ ಅಳತೆ
ನಲವತ್ಮೂರು.
ಬೆಳಗಾಗುವಷ್ಟರಲ್ಲಿ ನಗರಸಭೆಯ ಉಪ್ಪಿನ ಗಾಡಿ ಬಂದು
ಅದನ್ನೂ ಕರಗಿಸಿತ್ತು.

ಹಳೆ ಸಾಮಾನಿನ ಸಂತೆಯಲ್ಲಿ ಬೂಟು ಕೊಂಡೆ.
ನನ್ನದು ಮೂವತ್ತೇಳು; ತುದಿಗೆ ಉಣ್ಣೆ ತುರುಕಿದೆ.
ಪರದೆಯ ಮೇಲೆ ಅವನ ಬೆನ್ನು ಮಾತ್ರ,
ಮುಖ ಯೆರ್ಕರ್‌ಗೂ ಗೊತ್ತಿಲ್ಲ.
ಅವನ ಕಾಲಿಗೆ ಕಾಲು ಕೂಡಿಸಿದೆ.

ಮೊದಲ ಸಲ ಹೆದರಿದವನ ಹೆಜ್ಜೆ. ಬೇಡ ಎಂದರು.
ಆಮೇಲೆ ಗೆದ್ದವನದು. ಅದೂ ಬೇಡ.
ಹನ್ನೊಂದನೆಯದೋ ಹನ್ನೆರಡನೆಯದೋ ಸಲ
ಸುಸ್ತಾಗಿ,
ಮನೆಯಲ್ಲಿ ಹಾಲು ಇದೆಯೋ ಇಲ್ಲವೋ ಎಂದು ಯೋಚಿಸುತ್ತ
ನಡೆದುಬಿಟ್ಟೆ.

ಗಾಜಿನಾಚೆ ಯೆರ್ಕರ್ ಎದ್ದು ನಿಂತಿದ್ದ.
"ಇದೇ," ಅಂದ.
"ಇವನೇ."

ಮೂಲೆಯಲ್ಲಿ ಅಲ್ಫ್‌ಹಿಲ್ಡ್
ಕಣ್ಣು ಮುಚ್ಚಿ ಕೂತಿದ್ದರು.
ಏನೂ ಹೇಳಲಿಲ್ಲ.
ಚಮಚ ಮಾತ್ರ ತಟ್ಟೆಗೆ ತಾಗುತ್ತಲೇ ಇತ್ತು, ಸಣ್ಣಗೆ.
ಮೈಕು ಅದನ್ನೂ ಹಿಡಿದಿದೆ.
ಅಳಿಸಲು ನನಗೆ ಮನಸ್ಸಾಗಲಿಲ್ಲ;
ಕಿವಿಗೊಟ್ಟರೆ ನಿಮಗೂ ಕೇಳಿಸೀತು,
ಮೂರನೆಯ ರೀಲಿನ ಕೊನೆಗೆ, ಅವನು ತಿರುವು ದಾಟುವಾಗ.

ಈಗ ರಾತ್ರಿ ಹನ್ನೊಂದು ಕಳೆದಿದೆ.
ಸ್ಟುಡಿಯೊಗೆ ಬೀಗ ಹಾಕಿ ಹೊರಟಿದ್ದೇನೆ,
ನಿಜವಾದ ಹಿಮ, ನನ್ನದೇ ಮೂವತ್ತೇಳು.
ನಿಜವಾದ ಹಿಮ ಅಷ್ಟು ಚೆನ್ನಾಗಿ ಸದ್ದು ಮಾಡುವುದಿಲ್ಲ.
ಆದರೂ ಮುಂದೆ ಹೋಗುತ್ತಿದ್ದ ಮನುಷ್ಯ
ಗಕ್ಕನೆ ನಿಂತು ತಿರುಗಿ ನೋಡಿದ.

ಹಾಲಿಗೆ ಹೊರಟವಳು ಎಂದು ಹೇಳಬೇಕೆನಿಸಿತು.
ಅವನು ಗೋಡೆಗೆ ಸರಿದು ದಾರಿ ಬಿಟ್ಟ,
ತಲೆಬಾಗಿ, ಸಭ್ಯನಂತೆ.
ನಾನು ದಾಟಿದೆ.
ಈಗ ಅವನ ಹೆಜ್ಜೆ ನನ್ನ ಬೆನ್ನಿಗೆ,
ಮತ್ತು ಕಿವಿ, ನಾನು ಹೇಳದೆಯೇ,
ಅಳತೆ ತೆಗೆಯುತ್ತಿದೆ.